ಮೂರೂರು ತಿರುಗಿದ ಗಾಲಿ

ಮಾರ್ಗಶಿರದ ಬೆಳಗು. ಉಮರ್ಗಾದ ಹೆದ್ದಾರಿಯ ಮೇಲೆ ಮಂಜು ಇನ್ನೂ ಪೂರಾ ಎದ್ದಿಲ್ಲ. ಸೋಲಾಪುರದ ಕಡೆಯಿಂದ ಬಂದ ಲಾರಿಗಳು ಹಳದಿ ದೀಪ ಹೊತ್ತಿಸಿಕೊಂಡೇ ಹೈದರಾಬಾದಿನ ದಿಕ್ಕಿಗೆ ಹೊರಟಿವೆ. ಅವುಗಳ ನಡುವೆ ಎರಡೆರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ತುಂಬಿದ ಬಸುರಿಯ ಹಾಗೆ ಮೆಲ್ಲಗೆ ಸಾಗುತ್ತಿದೆ. ರಸ್ತೆ ಬದಿಯ ಹೋಟೆಲಿನ ಬಾಣಲೆಯಿಂದ ಎದ್ದ ಮಿರ್ಚಿ ಭಜಿಯ ಘಾಟು, ಡೀಸೆಲ್ ಹೊಗೆ, ಸುಡುವ ತೊಗರಿ ಕಟ್ಟಿಗೆಯ ವಾಸನೆ ಎಲ್ಲ ಒಂದರೊಳಗೊಂದು ಬೆರೆತು ಮೂಗಿಗೆ ಬಡಿಯುತ್ತವೆ. ಅಲ್ಲಿಂದ ನಾಲ್ಕು ಹೆಜ್ಜೆ ಒಳಗೆ, ಬೇವಿನ ಮರದ ಕೆಳಗೆ, ತಗಡಿನ ಒಂದು ಡಬ್ಬಿ ಅಂಗಡಿ. ಹಳೆಯ ಟಯರುಗಳ ತೋರಣ, ನೀರು ತುಂಬಿದ ಕಬ್ಬಿಣದ ಬುಟ್ಟಿ, ಗೋಡೆಗೆ ಸಾಲಾಗಿ ತೂಗುಹಾಕಿದ ಪಾನಾಗಳು. ಸೈಕಲ್ ಮಿಸ್ತ್ರಿ ಆಗ ತಾನೇ ಬಾಗಿಲು ತೆರೆದು, ಅಂಗಳಕ್ಕೆ ನೀರು ಚಿಮುಕಿಸಿ, ಎರಡು ಊದುಬತ್ತಿ ಹಚ್ಚಿ ನಿಂತಿದ್ದಾರೆ.

ನನ್ನ ಸೋದರಮಾವ ಸೈಕಲ್ಲನ್ನು ತಳ್ಳಿಕೊಂಡು ಬಂದದ್ದನ್ನು ನೋಡಿಯೇ ಅವರು ಹುಬ್ಬು ಹಾರಿಸಿದರು. ಮಾಮಾ ಸೈಕಲ್ ಏರದೆ ತಳ್ಳುವುದನ್ನು ಆ ಅಂಗಡಿ ಕಂಡಿರಲಿಲ್ಲ. ಎಪ್ಪತ್ತರ ಹತ್ತಿರದ ಮಾಮಾಗೆ ಮೊಣಕಾಲು ನೋವು. ಎರಡು ವರ್ಷದ ಹಿಂದೆ ಮಗ ತಂದುಕೊಟ್ಟ ಬ್ಯಾಟರಿ ಸೈಕಲ್ಲೇ ಈಗ ಅವರ ಕಾಲು. ಊರಿಂದ ಹೊಲಕ್ಕೆ, ಹೊಲದಿಂದ ಡೇರಿಗೆ, ಡೇರಿಯಿಂದ ಮಠಕ್ಕೆ. ಮಳೆಗಾಲ ಮುಗಿದ ಮೇಲೆ ಅದಕ್ಕೆ ಏನೋ ಆಗಿದೆ. ಏರಿ ಕುಳಿತು ಹಿಡಿಕೆ ತಿರುವಿದರೆ ಮುಂದೆ ಹೋಗುವುದಿಲ್ಲ. ಚಳಿಗೆ ಹಲ್ಲು ಕಡಿಯುವವರ ಹಾಗೆ ಗಡಗಡ ನಡುಗುತ್ತದೆ. ಒಮ್ಮೆ ತುಳಿದು ವೇಗ ಕೊಟ್ಟರೆ ಹೇಗೋ ಓಡುತ್ತದೆ. ನಿಂತರೆ ಮತ್ತೆ ಅದೇ ನಡುಕ.

"ಎಳ್ಳಮಾಸಿಗಿ ಇನ್ನು ಐದು ದಿನ ಅದ ಮಿಸ್ತ್ರಿ. ಅವತ್ತು ನಾ ನಡಕೋತ ಹೊಲಕ್ಕ ಹೋಗಲಾರೆ" ಅಂದರು ಮಾಮಾ.

ಮಿಸ್ತ್ರಿ ಮಾತಾಡಲಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಹಿಂದಿನ ಗಾಲಿ ನೆಲ ಬಿಟ್ಟ ಮೇಲೆ ಕೈಯಿಂದ ಒಮ್ಮೆ ಮುಂದಕ್ಕೆ ತಿರುವಿದರು, ಒಮ್ಮೆ ಪೆಡಲನ್ನು ಹಿಂದಕ್ಕೆ ತಿರುವಿದರು. ಕಟಕಟಕಟ ಎಂದು ಫ್ರೀವೀಲ್ ಹಾಡಿತು. ಆ ಸದ್ದಿಗೆ ಕಿವಿಗೊಟ್ಟು ತಲೆದೂಗಿದರು. ಆಮೇಲೆ ಹಿಡಿಕೆ ತಿರುವಿದರು. ಗಾಲಿ ಹೋಗಲೋ ಬೇಡವೋ ಎಂದು ಮಿಡುಕಿ ನಿಂತಿತು. "ಸೈಕಲ್ ಚೊಲೋ ಅದ ಕಾಕಾ. ರೋಗ ಒಳಗದ" ಎಂದು ಗಾಲಿಯ ನಡುವಿನ ದಪ್ಪ ಡಬ್ಬಿಯ ಮೇಲೆ ಬೆರಳಿನಿಂದ ಟಕ್ ಟಕ್ ಬಡಿದರು. ಅದನ್ನು ಕಂಪನಿಯವರು ಹಬ್ ಮೋಟಾರ್ ಅನ್ನುತ್ತಾರೆ. ಎತ್ತಿನ ಬಂಡಿಯ ಕಾಲದವರಾದ ಮಾಮಾ ಅದನ್ನು ಗಾಲಿಯ ಗುಂಬ ಅನ್ನುತ್ತಾರೆ. ಬಂಡಿಯ ಗುಂಬದಲ್ಲಿ ಇದ್ದದ್ದು ಅಚ್ಚು ಮತ್ತು ಎಣ್ಣೆ. ಈ ಗುಂಬದಲ್ಲಿ ತಾಮ್ರ, ಅಯಸ್ಕಾಂತ, ಹಲ್ಲಿನ ಗಾಲಿಗಳು.

ಗಾಲಿ ಕಳಚುವ ಕೆಲಸವನ್ನು ಮಿಸ್ತ್ರಿ ಪೂಜೆಯ ಪಾತ್ರೆ ಇಳಿಸಿದಷ್ಟು ನಿಧಾನಕ್ಕೆ ಮಾಡಿದರು. ಮೊದಲು ಬ್ಯಾಟರಿಯ ಕೀಲಿ ತೆಗೆದರು. ಮೋಟಾರಿನಿಂದ ಬಂದ ವೈರಿನ ಜೋಡಣೆಯನ್ನು ಬಿಡಿಸುವ ಮುಂಚೆ ಎರಡೂ ತುದಿಗೆ ಸೀಮೆಸುಣ್ಣದ ಗುರುತು ಹಾಕಿದರು. ಅಚ್ಚಿನ ನಟ್ಟು ಬಿಚ್ಚಿ, ಅದರ ಹಿಂದಿನ ಕೊಕ್ಕೆಯಿರುವ ವಾಷರನ್ನು ನನ್ನ ಅಂಗೈಯಲ್ಲಿಟ್ಟು, "ಇದು ಕಳದ್ರ ಮೋಟಾರ್ ಕಳದಂಗ" ಅಂದರು. ಮೋಟಾರು ಗಾಲಿಯನ್ನು ಮುಂದಕ್ಕೆ ನೂಕುವಾಗ ಅಚ್ಚು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ಹವಣಿಸುತ್ತದೆಯಂತೆ. ಅಚ್ಚಿನ ಚಪ್ಪಟೆ ಬದಿ ಮತ್ತು ಆ ವಾಷರು ಅದನ್ನು ಹಿಡಿದಿಡದಿದ್ದರೆ, ಅದು ತಿರುಗಿ ತನ್ನೊಳಗಿಂದ ಬಂದ ವೈರನ್ನು ತಾನೇ ಹಗ್ಗದಂತೆ ಹೊಸೆದು ಹರಿದುಹಾಕುತ್ತದೆ.

ಗಾಲಿ ಹೊರಗೆ ಬಂತು. ಮೋಟಾರಿನ ಮುಚ್ಚಳದ ಸ್ಕ್ರೂಗಳು ಮಾತ್ರ ಕಾಣಲಿಲ್ಲ. ಅವು ಫ್ರೀವೀಲಿನ ಬೆನ್ನ ಹಿಂದೆ ಅಡಗಿ ಕೂತಿದ್ದವು. ಎಂದರೆ ಮೊದಲು ಫ್ರೀವೀಲ್ ಬಿಚ್ಚಬೇಕು. ಸೈಕಲ್ ರಿಪೇರಿಯಲ್ಲಿ ಅದಕ್ಕಿಂತ ಹಟಮಾರಿ ಕೆಲಸ ಕಡಿಮೆ. ಚೈನು ಎಳೆಯುವ ಆ ಹಲ್ಲಿನ ಬಿಲ್ಲೆ ಗುಂಬದ ಮೇಲೆ ಸ್ಕ್ರೂವಿನಂತೆ ಕೂತಿರುತ್ತದೆ, ಬಲಕ್ಕೆ ತಿರುಗಿದಷ್ಟೂ ಬಿಗಿ. ಸವಾರ ತುಳಿಯುವುದೂ ಅದೇ ದಿಕ್ಕಿಗೆ. ಹಾಗಾಗಿ ಹಾಲಿನ ಕ್ಯಾನು ಕಟ್ಟಿಕೊಂಡು ಏರು ಹತ್ತಿದ ಪ್ರತಿ ಸಲವೂ, ಎದುರು ಗಾಳಿಗೆ ಮೈಬಗ್ಗಿಸಿ ತುಳಿದ ಪ್ರತಿ ಸಲವೂ ಮಾಮಾ ಅದನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತಲೇ ಬಂದಿದ್ದಾರೆ. ಎರಡು ವರ್ಷದ ದುಡಿಮೆ ಆ ಚೂಡಿಯೊಳಗೆ, ಆ ಸ್ಕ್ರೂ ಎಳೆಗಳೊಳಗೆ, ಗಂಟು ಬಿದ್ದಿದೆ. ಅದನ್ನು ಒಂದೇ ಏಟಿಗೆ ಬಿಡಿಸಬೇಕು.

ಮಿಸ್ತ್ರಿಯ ಹತ್ತಿರ ಪಾನಾ ಇತ್ತು. ಬೆರಳಷ್ಟು ಉದ್ದದ ಉಕ್ಕಿನ ಗಟ್ಟಿ, ತುದಿಗೆ ನಾಲ್ಕು ಹಲ್ಲು. ಫ್ರೀವೀಲಿನ ನಾಲ್ಕು ಕಚ್ಚಿಗೆ ಅದು ಕೂಡಬೇಕು. ಆದರೆ ಕೂಡಲಿಲ್ಲ. ಸಾದಾ ಸೈಕಲ್ಲಿನ ಅಚ್ಚು ಒಂಬತ್ತೂವರೆ ಮಿಲಿಮೀಟರ್, ಈ ಮೋಟಾರಿನ ಅಚ್ಚು 12. ಪಾನಾದ ತೂತು ಅಚ್ಚಿನ ಮೂತಿಗೇ ತಡೆದು ನಿಂತಿತು.

ಇನ್ನೊಂದು ದಾರಿ ಇಲ್ಲದೆ ಇರಲಿಲ್ಲ. ಫ್ರೀವೀಲಿನ ಮುಖದ ಬಿಲ್ಲೆಯಲ್ಲಿ ಎರಡು ಸಣ್ಣ ಗುಂಡಿಗಳಿವೆ. ಅಲ್ಲಿ ಪಂಚ್ ಇಟ್ಟು ಬಡಿದರೆ ಬಿಲ್ಲೆ ಬಿಚ್ಚಿಕೊಳ್ಳುತ್ತದೆ. ಅದರ ಚೂಡಿ ಉಲ್ಟಾ. ಎಲ್ಲವೂ ಎಡಕ್ಕೆ ಬಿಚ್ಚಿದರೆ ಇದೊಂದು ಬಲಕ್ಕೆ. ಬಿಚ್ಚಿದೊಡನೆ ಸಾಸಿವೆಗಿಂತ ತುಸು ದೊಡ್ಡ ಗುಂಡುಗಳು ಸುರಿಯುತ್ತವೆ, ಒಳಗೆ ಎರಡು ಪುಟ್ಟ ನಾಲಿಗೆಗಳು ಕಾಣುತ್ತವೆ. ಕಟಕಟ ಎನ್ನುವವು ಅವೇ. ತುಳಿದಾಗ ಹಲ್ಲಿಗೆ ಕಚ್ಚಿ ಗಾಲಿಯನ್ನು ಎಳೆಯುತ್ತವೆ, ತುಳಿಯುವುದು ನಿಂತಾಗ ಜಾರಿ ಬಿಟ್ಟುಕೊಡುತ್ತವೆ. "ಒಡದು ತಗೀಬಹುದು ಕಾಕಾ. ಆದ್ರ ಬದುಕಿರೂದಕ್ಕ ಯಾಕ ಒಡೀಬೇಕು?" ಅಂದ ಮಿಸ್ತ್ರಿ, ಎಣ್ಣೆಡಬ್ಬಿಯ ಮೂತಿಯನ್ನು ಚೂಡಿಯ ಸಂದಿಗೆ ಇಟ್ಟು ಡೀಸೆಲ್ ಬೆರೆಸಿದ ಎಣ್ಣೆಯನ್ನು ಹನಿಹನಿಯಾಗಿ ಕುಡಿಸಿದರು. ಪಾನಾವನ್ನು ಬಟ್ಟೆಯಲ್ಲಿ ಸುತ್ತಿ ಮಾಮಾನ ಕೈಗಿಟ್ಟರು. "ನಿಲಂಗಾದಾಗ ನನ್ನ ದೋಸ್ತನ ಲೇಥ್ ಅದ. ತೂತು ದೊಡ್ದು ಮಾಡಸ್ರಿ, ಅಲ್ಲೇ ಬಿಚ್ಚಸ್ರಿ. ಒಳಗಿನ ಕೆಲಸಕ್ಕ ಉದಗೀರಕ್ಕ ಹೋಗ್ರಿ. ಅಲ್ಲಿ ಇಂಥ ಮೋಟಾರ್ ಬಿಚ್ಚಿದ ಕೈ ಒಂದದ."

ಹಾಗೆ ನಾವು ಗಾಲಿಯೊಂದನ್ನು ಹೊತ್ತು ಎಸ್‌ಟಿ ಬಸ್ಸು ಏರಿದೆವು. ಕಂಡಕ್ಟರು ಅದನ್ನು ನೋಡಿ ಏನೋ ಹೇಳಲು ಹೋಗಿ, ಮಾಮಾನ ಬಿಳಿ ಮೀಸೆ ನೋಡಿ ಸುಮ್ಮನಾದರು. ಗಾಲಿ ಮಾಮಾನ ಕಾಲ ನಡುವೆ ಮಲಗಿತು. ಬಸ್ಸಿನ ಪ್ರತಿ ಕುಲುಕಿಗೂ ಎಣ್ಣೆ ಚೂಡಿಯೊಳಗೆ ಇನ್ನಷ್ಟು ಇಳಿಯುತ್ತಿರಬೇಕು ಎಂದು ನನಗೆ ಅನಿಸುತ್ತಿತ್ತು.

ಕಿಟಕಿಯಾಚೆ ಎರೆಭೂಮಿ. ಹಾಲುಗಾಳಿನ ಜೋಳ ತಲೆದೂಗುತ್ತಿದೆ, ನಡುನಡುವೆ ಕಡಲೆಯ ಹಸಿರು ಹಾಸು, ಬದುವಿನಗುಂಟ ಮುಳ್ಳುಮುಳ್ಳಾದ ಕುಸುಬೆ, ಕೊಯ್ದು ನಿಲ್ಲಿಸಿದ ತೊಗರಿಯ ಕಟ್ಟುಗಳು. ಬೆಳ್ಳಗೆ ಮೈ, ಕಪ್ಪು ಚುಕ್ಕೆಯ ದೇವಣಿ ಎತ್ತುಗಳು ಬಾವಿಯ ಹತ್ತಿರ ನಿಂತಿವೆ. ಆ ತಳಿಗೆ ಹೆಸರು ಕೊಟ್ಟ ದೇವಣಿ ಊರು ನಾವು ಹೋಗುವ ಉದಗೀರದ ನೆರೆಯಲ್ಲೇ ಇದೆ. ಬಸ್ಸಿನೊಳಗೆ ಮುಂದಿನ ಸೀಟಿನ ಅಜ್ಜಿ ಮೊಮ್ಮಗಳಿಗೆ ಮರಾಠಿಯಲ್ಲಿ ಗದರುತ್ತಾರೆ, ಪಕ್ಕದವರೊಡನೆ ಕನ್ನಡದಲ್ಲಿ ಕಷ್ಟಸುಖ ಹೇಳುತ್ತಾರೆ, ಚಿಲ್ಲರೆಗಾಗಿ ಕಂಡಕ್ಟರರೊಡನೆ ದಖನಿಯಲ್ಲಿ ವಾದಿಸುತ್ತಾರೆ. ಮೂರರಲ್ಲೂ ಅವರ ದನಿ ಒಂದೇ.

"ನಮ್ಮ ಸೋದರತ್ತಿಯ ಊರು ನಿಲಂಗಾ ಕಡೀಕಿಂದು. ಅವರ ಮನಿ ಹಳೇ ಕಾಗದದಾಗ ಜಿಲ್ಲಾ ಬೀದರ್ ಅಂತ ಅದ ತಮ್ಮಾ, ಉರ್ದುದಾಗ ಬರದದ್ದು" ಅಂದರು ಮಾಮಾ. ಅದು ನಿಜವೇ. ನಿಲಂಗಾ, ಉದಗೀರ, ಅಹ್ಮದ್‌ಪುರ ಮೂರೂ ತಾಲೂಕು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯೊಳಗಿದ್ದವು. 1956ರ ನವೆಂಬರ್ 1ರಂದು ಗೆರೆ ಎಳೆದಾಗ ಅವು ಮುಂಬಯಿ ರಾಜ್ಯದ ಪಾಲಾದವು. 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅದರೊಳಗೆ ಸೇರಿದವು. ಉಮರ್ಗಾ ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ಗೆರೆಗಳು ಇಷ್ಟು ಸಲ ಬದಲಾದವು. ಬೀಗರು, ಸಂತೆ, ಹಬ್ಬ ಮಾತ್ರ ಹಳೆಯ ದಾರಿಯಲ್ಲೇ ಓಡಾಡುತ್ತ ಉಳಿದವು. ನಮ್ಮ ಎಳ್ಳಮಾವಾಸ್ಯೆಯನ್ನು ಇಲ್ಲಿಯ ಮರಾಠಿ ಮಂದಿ ವೇಳ ಅಮಾವಾಸ್ಯೆ ಎಂದು ಕರೆದು, ಅದೇ ಭಜ್ಜಿ, ಅದೇ ಅಂಬಲಿ ಹೊತ್ತು ಹೊಲಕ್ಕೆ ಹೋಗುತ್ತಾರೆ.

ಎಡಗಡೆ ದೂರಕ್ಕೆ ಕೈ ತೋರಿಸಿ ಮಾಮಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಅತ್ತ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಔಸಾ, ಉಮರ್ಗಾ ತಾಲೂಕಿನ ಊರೂರೇ ಮಣ್ಣುಗೂಡಿದ ದಿನ ಮಾಮಾ ಬುತ್ತಿ ಗಂಟು, ನೀರಿನ ಕೊಡ ಕಟ್ಟಿಕೊಂಡು ಅತ್ತ ಹೋದದ್ದು ಸೈಕಲ್ಲಿನ ಮೇಲೆಯೇ. "ಅವತ್ತಿಂದ ಸೈಕಲ್ ಮಾರೂ ಮಾತು ಯಾರೂ ನನ್ನ ಮುಂದ ತಗೀಲಿಲ್ಲ" ಅಂದರು.

ನಿಲಂಗಾದ ಲೇಥ್ ಅಂಗಡಿ ನೀಲಕಂಠೇಶ್ವರ ಗುಡಿಯ ಊರಿಗೆ ಒಪ್ಪುವಂಥದ್ದೇ. ಆ ಗುಡಿಯಲ್ಲಿ ಚಾಲುಕ್ಯ ಕಾಲದ ಕೈಗಳು ಕರಿಕಲ್ಲನ್ನು ಕಡೆದವು, ಇಲ್ಲಿ ಉಕ್ಕನ್ನು ಕಡೆಯುತ್ತಾರೆ. ಬಾಗಿಲಲ್ಲೇ ಸುರುಳಿಸುರುಳಿ ಲೋಹದ ಚಕ್ಕೆಗಳು ಕಾಲಿಗೆ ತಡಕುತ್ತವೆ, ಕಾದ ಎಣ್ಣೆಯ ಹುಳಿವಾಸನೆ ಗಂಟಲಿಗೆ ಇಳಿಯುತ್ತದೆ. ಲೇಥಿನವರು ಪಾನಾವನ್ನು ಚಕ್‌ನಲ್ಲಿ ಬಿಗಿದು, ಡಯಲಿನ ಸೂಜಿ ಅಲುಗದ ಹಾಗೆ ನಾಲ್ಕೈದು ಸಲ ಸರಿಮಾಡಿದರು. ಹದ ಕೊಟ್ಟ ಉಕ್ಕಿಗೆ ಸಾದಾ ಉಳಿ ತಾಗುವುದಿಲ್ಲವೆಂದು ಕಾರ್ಬೈಡ್ ತುದಿ ಹಾಕಿದರು. ಯಂತ್ರ ಗುಂಯ್ ಎಂದಿತು. ಪಾನಾದ ಒಳಗೋಡೆಯಿಂದ ಸೂಜಿಯಷ್ಟು ಸಣ್ಣ ಚಕ್ಕೆಗಳು ನೀಲಿಯಾಗಿ, ಕಂದಾಗಿ ಸಿಡಿದವು. ಸ್ವಲ್ಪ ಕೊರೆಯುವುದು, ನಿಲ್ಲಿಸುವುದು, ಅಚ್ಚಿಗೆ ತೊಡಿಸಿ ನೋಡುವುದು. ಹೆಚ್ಚು ಕೊರೆದರೆ ಗೋಡೆ ತೆಳುವಾಗಿ ತಿರುವುವಾಗ ಸೀಳುತ್ತದೆ. ಮೂರನೆಯ ಸಲಕ್ಕೆ ಪಾನಾ ಅಚ್ಚಿನ ಮೇಲೆ ಜಾರಿ, ನಾಲ್ಕು ಹಲ್ಲೂ ನಾಲ್ಕು ಕಚ್ಚಿನಲ್ಲಿ ಕುಳಿತವು.

ಆಮೇಲೆ ಅವರು ಮಾಡಿದ್ದು ನನಗೆ ಹೊಸದು. ಪಾನಾಕ್ಕೆ ಹಿಡಿ ಸಿಗಿಸಿ ತಿರುವುವ ಬದಲು, ಪಾನಾವನ್ನೇ ಮೇಜಿನ ಕಚ್ಚುಪಟ್ಟಿಯಲ್ಲಿ ಹಲ್ಲು ಮೇಲಾಗಿ ಬಿಗಿದರು. ಗಾಲಿಯನ್ನು ಬೋರಲು ತಂದು ಅದರ ಮೇಲೆ ಕೂರಿಸಿದರು. ಈಗ ಇಡೀ ಗಾಲಿಯೇ ಹಿಡಿ. "ಡಾವೀಕಡೆ" ಎಂದು ಎಡಕ್ಕೆ ಕೈಯಾಡಿಸಿ ತೋರಿಸಿದರು. ಸ್ಕ್ರೂವಿನ ಎಳೆಗೆ ಮರಾಠಿಯಲ್ಲಿ ಆಟೆ, ಉರ್ದುವಿನಲ್ಲಿ ಚೂಡಿ. ಇಂಚಿಗೆ 24 ಸುತ್ತಿನ ಆ ಸಣ್ಣ ಎಳೆಗಳು ಒಮ್ಮೆ ಅಡ್ಡ ಬಿದ್ದರೆ ಮೋಟಾರಿನ ಮುಚ್ಚಳವೇ ಹೋಯಿತು. ಲೇಥಿನವರು ಒಂದು ಬದಿ, ನಾನು ಒಂದು ಬದಿ, ನಡುವೆ ಮಾಮಾ, ಲಾರಿಯ ಸ್ಟೇರಿಂಗ್ ಹಿಡಿದಂತೆ ರಿಮ್ಮನ್ನು ಹಿಡಿದೆವು. ಮೊದಲ ಸಲ ಮೇಜೇ ಅಲುಗಿತು. ಎರಡನೆಯ ಸಲ ನನ್ನ ಅಂಗೈ ಉರಿಯಿತು. ಮೂರನೆಯ ಸಲಕ್ಕೆ, ಒಣಗಿದ ಬೆಲ್ಲದಚ್ಚು ಒಡೆದ ಹಾಗೆ ಟಕ್ ಎಂದು ಒಂದೇ ಸದ್ದು. ಆ ನಂತರ ಫ್ರೀವೀಲು ಎರಡು ಬೆರಳಿಗೆ ತಿರುಗುತ್ತ, ತಿರುಗುತ್ತ ಹೊರಬಂತು. ಚೂಡಿಯ ಮೇಲೆ ಉಮರ್ಗಾದ ಎಣ್ಣೆ ಹೊಳೆಯುತ್ತಿತ್ತು. ಅದರ ಹಿಂದೆ ಆರು ಸ್ಕ್ರೂಗಳು ಕಂಡವು. ಒಂದರ ಸುತ್ತ ಕೆಂಪು ತುಕ್ಕಿನ ಬಳೆ.

ಉದಗೀರ ಮುಟ್ಟುವಷ್ಟರಲ್ಲಿ ಇಳಿಹೊತ್ತು. 1760ರಲ್ಲಿ ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಮಣಿಸಿದ ಊರು ಇದು. ಕೋಟೆಯ ಕಲ್ಲಿನ ಮೇಲೆ ಬಿಸಿಲು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಬಸ್ ನಿಲ್ದಾಣದಲ್ಲಿ ಬೀದರಿನ ಬಸ್ಸಿಗೆ ಜನ ಓಡುತ್ತಿದ್ದರು. ಮೋಟಾರ್ ವೈಂಡಿಂಗ್ ಅಂಗಡಿಗಳ ಗಲ್ಲಿಯನ್ನು ಕಣ್ಣು ಮುಚ್ಚಿ ಹುಡುಕಬಹುದು. ಕಾದ ವಾರ್ನಿಶಿನ ಸಿಹಿಘಾಟು ಅಲ್ಲಿಗೆ ಕರೆದೊಯ್ಯುತ್ತದೆ. ಕೊಳವೆಬಾವಿಯ ಸೀಮೆ ಇದು. ಬೇಸಿಗೆಯಲ್ಲಿ ನೀರು ಕೆಳಗಿಳಿದಂತೆ ಪಂಪುಗಳು ಸುಡುತ್ತವೆ, ಸುಟ್ಟ ಪಂಪು ಎತ್ತಿನ ಗಾಡಿಯಲ್ಲೋ ಟೆಂಪೋದಲ್ಲೋ ಇಂಥ ಗಲ್ಲಿಗೆ ಬರುತ್ತದೆ. ಗೋಡೆಗೆ ತೂಗುಬಿಟ್ಟ ತಾಮ್ರದ ಸುರುಳಿಗಳು ಮದುವೆ ಮನೆಯ ಮುಂಡಾಸಿನ ಹಾಗೆ ಹೊಳೆಯುತ್ತವೆ.

"ಶರಣಾರ್ಥಿ ಕಾಕಾ, ಕುಂದರ್ರಿ" ಅಂದರು ವೈಂಡಿಂಗಿನವರು. ಅವರ ತಾಯಿಯ ತವರು ಔರಾದ್ ಕಡೆ. ಕನ್ನಡ ತಾಯಿಯದು, ಲೆಕ್ಕ ಮರಾಠಿಯದು. ಗಾಲಿಯನ್ನು ಮಡಿಲಲ್ಲಿಟ್ಟುಕೊಂಡು ಅವರು ಮೊದಲು ಸ್ಕ್ರೂ ಬಿಚ್ಚಲಿಲ್ಲ. ವೈರಿನ ತುದಿಯಲ್ಲಿ ಮೂರು ದಪ್ಪ ಎಳೆ: ಹಳದಿ, ಹಸಿರು, ನೀಲಿ. ಗಾಲಿಯನ್ನು ಹಿಂದಕ್ಕೆ ತಿರುವಿದರು, ಸಲೀಸಾಗಿ ಹೋಯಿತು. ಎರಡು ಎಳೆಗಳನ್ನು ಒಂದಕ್ಕೊಂದು ತಾಗಿಸಿ ಮತ್ತೆ ತಿರುವಿದರು. ಗಾಲಿ ಕೆಸರಿಗೆ ಬಿದ್ದಂತೆ ತಡೆತಡೆದು ತಿರುಗಿತು. ಮೂರು ಜೋಡಿಗೂ ಅದೇ ತಡೆ. "ತಾಮ್ರ ಜೀವಂತ ಅದ" ಅಂದರು. ಸುರುಳಿ ಸುಟ್ಟಿದ್ದರೆ ಎಳೆ ತಾಗಿಸದೆಯೇ ಗಾಲಿ ಭಾರವಾಗಿರುತ್ತಿತ್ತು. ಮಾಮಾನ ಹೆಗಲು ಆಗ ತುಸು ಇಳಿಯಿತು.

ಇನ್ನು ಐದು ಸಣ್ಣ ಎಳೆ. ಕೆಂಪು, ಕಪ್ಪಿಗೆ ಐದು ವೋಲ್ಟ್ ಕೊಟ್ಟು, ಉಳಿದ ಮೂರರ ಮೇಲೆ ಒಂದೊಂದಾಗಿ ಮೀಟರಿನ ಕಡ್ಡಿ ಇಟ್ಟು ಗಾಲಿಯನ್ನು ಮೆಲ್ಲಗೆ ತಿರುವಿದರು. ಹಳದಿಯಲ್ಲಿ ಅಂಕಿ ಸೊನ್ನೆಯಿಂದ ಐದಕ್ಕೆ, ಐದರಿಂದ ಸೊನ್ನೆಗೆ ಕಪ್ಪೆಯಂತೆ ಜಿಗಿಯಿತು. ಹಸಿರಿನಲ್ಲೂ ಹಾಗೇ. ನೀಲಿಯಲ್ಲಿ ಎಷ್ಟು ತಿರುವಿದರೂ ಅಂಕಿ ಕದಲಲಿಲ್ಲ. "ನೋಡ್ರಿ, ಇದರ ಮೂರು ಕಣ್ಣಿನಾಗ ಒಂದು ಕುರುಡ ಆಗ್ಯಾದ."

ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಾಗ ಒದ್ದೆ ಮಣ್ಣಿನ, ಹಳಸಿದ ಗ್ರೀಸಿನ ವಾಸನೆ ಬಂತು. ಬೆಳ್ಳಗಿರಬೇಕಾದ ಗ್ರೀಸು ಹುಣಸೆ ರಸದ ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಮುಳುಗಿ ಮೂರು ನೈಲಾನ್ ಹಲ್ಲುಗಾಲಿಗಳು. ಒಳಗಿನ ಮೋಟಾರು ನಾಲ್ಕೈದು ಸುತ್ತು ಸುತ್ತಿದರೆ ಈ ಮೂರು ಸೇರಿ ಹೊರಗಿನ ಗಾಲಿಯನ್ನು ಒಂದು ಸುತ್ತು ತಿರುಗಿಸುತ್ತವೆ. ವೇಗವನ್ನು ಕೊಟ್ಟು ಬಲವನ್ನು ಕೊಂಡುಕೊಳ್ಳುವ ವ್ಯಾಪಾರ ಅದು. ಗಂಟೆಗೆ 25 ಕಿಲೋಮೀಟರ್ ಓಡುವಾಗ 26 ಇಂಚಿನ ಗಾಲಿ ನಿಮಿಷಕ್ಕೆ ಸುಮಾರು 200 ಸುತ್ತು ಸುತ್ತುತ್ತದೆ. ಗುಂಬದ ಒಡಲೊಳಗಿನ ಅಯಸ್ಕಾಂತದ ಬಟ್ಟಲು ಆಗ ಒಂಬೈನೂರರ ಆಸುಪಾಸು. ವೈಂಡಿಂಗಿನವರು ಒಂದೊಂದು ಹಲ್ಲನ್ನೂ ಉಗುರಿನಿಂದ ಮುಟ್ಟಿ ನೋಡಿದರು. ಯಾವುದೂ ಮುರಿದಿರಲಿಲ್ಲ.

ಅಯಸ್ಕಾಂತದ ಬಟ್ಟಲನ್ನು ಸೆಳೆಯುವಾಗ ಅದು ಬಿಡಲೊಲ್ಲದೆ ಹಿಡಿದುಕೊಂಡಿತು. "ಬೆರಳು ದೂರ" ಎಂದು ನನ್ನನ್ನು ಗದರಿದರು. ಬಟ್ಟಲು ಕಳಚಿದ ಮೇಲೆ ನಡುವೆ ಹೂವಿನಂತೆ ಅರಳಿದ ತಾಮ್ರದ ಸುರುಳಿ, ಅದರ ಅಂಚಿನಲ್ಲಿ ಮೂರು ಕಾಲಿನ ಮೂರು ಕರಿಯ ಚುಕ್ಕೆಗಳು. ಅವೇ ಹಾಲ್ ಸೆನ್ಸರ್, ಒಂದೊಂದೂ ತೊಗರಿ ಬೇಳೆಯಷ್ಟು. ಪಂಪಿನ ಮೋಟಾರಿಗೆ ಇವು ಬೇಡ. ಅಲ್ಲಿ ತಂತಿಯಲ್ಲಿ ಬರುವ ಕರೆಂಟೇ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತ ಕಬ್ಬಿಣವನ್ನು ತಿರುಗಿಸುತ್ತದೆ. ಬ್ಯಾಟರಿಯ ಕರೆಂಟು ಒಂದೇ ದಿಕ್ಕಿನದು. ಯಾವ ಗಳಿಗೆಯಲ್ಲಿ ಯಾವ ಸುರುಳಿಗೆ ಕೊಡಬೇಕೆಂದು ಸೀಟಿನ ಕೆಳಗಿನ ಕಂಟ್ರೋಲರ್ ಪೆಟ್ಟಿಗೆ ತೀರ್ಮಾನಿಸಬೇಕು. ಅಯಸ್ಕಾಂತ ಈಗ ಎಲ್ಲಿದೆ ಎಂದು ಅದಕ್ಕೆ ಹೇಳುವವು ಈ ಮೂರು ಕಣ್ಣುಗಳು. ಒಂದು ಸುಳ್ಳು ಹೇಳಿದರೆ ಮುಂದೆ ನೂಕಬೇಕಾದ ಸುರುಳಿ ಹಿಂದೆ ನೂಕುತ್ತದೆ. ಮಾಮಾನ ಸೈಕಲ್ ನಡುಗಿದ್ದು ಅದಕ್ಕೆ.

ಗುಂಬದೊಳಗೆ ಮೋಟಾರ್ ಇಡುವ ಈ ಯೋಚನೆ ಹೊಸದೇನಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ ಸೈಕಲ್ಲಿನ ಹಿಂದಿನ ಗಾಲಿಯ ನಡುವೆ ಮೋಟಾರ್ ಕೂರಿಸಿ ಪೇಟೆಂಟ್ ಪಡೆದದ್ದು 1895ರ ಡಿಸೆಂಬರ್ 31ರಂದು. ಅವನ ಬ್ಯಾಟರಿ 10 ವೋಲ್ಟಿನದು. ಮಾಮಾನ ಸೈಕಲ್ಲಿನ ಪೆಟ್ಟಿಗೆಯಲ್ಲಿ ಹತ್ತು ಲಿಥಿಯಂ ಕೋಶಗಳ ಸಾಲು ಸೇರಿ 36 ವೋಲ್ಟ್. ಮೋಟಾರಿನ ಬಲ 250 ವ್ಯಾಟಿಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇದ್ದರೆ ನಮ್ಮ ಕಾನೂನಿನಲ್ಲಿ ಅದು ಮೋಟಾರು ವಾಹನವಲ್ಲ, ಸೈಕಲ್ಲೇ. ನಂಬರ್ ಪ್ಲೇಟು ಬೇಡ, ಲೈಸೆನ್ಸು ಬೇಡ. ಮೊಣಕಾಲು ಸೋತ ರೈತನಿಗೆ ಅಷ್ಟು ಸಾಕು.

ವೈಂಡಿಂಗಿನವರು ಒಂದಲ್ಲ, ಮೂರು ಕಣ್ಣನ್ನೂ ಬದಲಿಸಿದರು. ಒಂದು ಹೋದಲ್ಲಿ ಉಳಿದೆರಡೂ ಅದೇ ನೀರು ಕುಡಿದಿರುತ್ತವೆ. ಮೂರರ ಬೆಲೆ ಸೇರಿದರೂ ದೊಡ್ಡದಲ್ಲ, ಬೆಲೆಯೆಲ್ಲ ಕೈಯದು. ಅಕ್ಷರವಿರುವ ಮುಖ ಹಳೆಯದರ ಹಾಗೆಯೇ ಇರಬೇಕು. ಉಲ್ಟಾ ಕೂತರೆ ಮತ್ತೆ ಅದೇ ಸುಳ್ಳು. ಬೆಸುಗೆಯ ಕಾವು ಹೆಚ್ಚಾದರೆ ಹೊಸದೂ ಸಾಯುತ್ತದೆಂದು ಒಂದೊಂದು ಕಾಲಿಗೂ ಕ್ಷಣ ಮಾತ್ರ ಕಾವಿಟ್ಟು ಊದುತ್ತಿದ್ದರು. ಕಾಲುಗಳಿಗೆ ತೆಳು ಕೊಳವೆ ತೊಡಿಸಿ, ಮೇಲೆ ಅಂಟು ಹಾಕಿ, "ಇದು ರಾತ್ರಿ ಒಣಗಬೇಕು, ನೀವು ನಮ್ಮ ಮನ್ಯಾಗ ಉಂಡು ಮಲಗಬೇಕು" ಅಂದರು. ಅಂದು ರಾತ್ರಿ ಅವರ ಮನೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಕುಟ್ಟಿದ ಶೇಂಗಾ ಹಿಂಡಿ ತಿಂದೆವು.

ಮರುದಿನ ಹೊಸ ಗ್ರೀಸು, ಹೊಸ ಬೇರಿಂಗು. ಮುಚ್ಚಳದ ಅಂಚಿಗೆ ಸಿಲಿಕೋನಿನ ತೆಳು ಗೆರೆ. ಆರು ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿದರು. "ನೀರು ಬಂದದ್ದು ವೈರಿನ ದಾರಿ ಹಿಡದು. ವೈರ್ ಅಚ್ಚಿಗಿಂತ ಕೆಳಗ ಒಂದು ಜೋಲಿ ಬಿಡ್ರಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳ್ತದ. ಪಂಪಿನ ನೀರು ಬಿಟ್ಟು ತೊಳೀಬ್ಯಾಡ್ರಿ." ಕೊನೆಗೆ ಫ್ರೀವೀಲು. ಚೂಡಿಗೆ ಗ್ರೀಸು ಹಚ್ಚಿ ಬೆರಳಲ್ಲೇ ತಿರುವಿ ಕೂರಿಸಿದರು. ಮಾಮಾ ಪಾನಾ ಕೊಡಲು ಹೋದರೆ ಬೇಡವೆಂದರು. "ಇದನ್ನ ನಾವು ಬಿಗೀಬಾರದು ಕಾಕಾ. ತುಳೀರಿ, ತಾನೇ ಬಿಗಿ ಆಗ್ತದ."

ಎಳ್ಳಮಾವಾಸ್ಯೆಯ ಬೆಳಗು. ಅತ್ತೆ ತಲೆಯ ಮೇಲೆ ಬುಟ್ಟಿ ಹೊತ್ತು ಮುಂದೆ ನಡೆದಿದ್ದರು. ಒಳಗೆ ಭಜ್ಜಿ, ಸಜ್ಜೆಯ ಉಂಡೆ, ಅಂಬಲಿಯ ಗಡಿಗೆ. ಕಾಲುದಾರಿ ತುಂಬ ಹೊಲಕ್ಕೆ ಹೊರಟ ಜನ. ಮಾಮಾ ಹಿಂದೆ ಬಂದರು. ಮೊದಲು ಎರಡು ಸುತ್ತು ತುಳಿದರು, ಭಾರ ಇಟ್ಟು, ಹಲ್ಲು ಕಚ್ಚಿ. ಚೂಡಿಯೊಳಗೆ ಕೂದಲೆಳೆಯಷ್ಟು ಏನೋ ಬಿಗಿಯಾಗಿರಬೇಕು. ಆಮೇಲೆ ಹಿಡಿಕೆ ತಿರುವಿದರು. ನಡುಕವಿಲ್ಲ, ಗುಂಬದಿಂದ ಜೇನುಗೂಡಿನಂಥ ಒಂದು ಸಣ್ಣ ಗುನುಗು ಮಾತ್ರ. ಅತ್ತೆಯನ್ನು ದಾಟಿ, ಜೋಳದ ದಂಟಿನ ಕೊಂಪೆಯ ಹತ್ತಿರದ ಇಳಿಜಾರಿಗೆ ಬಂದಾಗ ಎರಡನ್ನೂ ಬಿಟ್ಟರು, ತುಳಿಯುವುದನ್ನೂ, ಹಿಡಿಕೆಯನ್ನೂ. ಕಟಕಟಕಟ ಎಂದು ಫ್ರೀವೀಲ್ ಹಾಡುತ್ತ ಜೋಳದ ನಡುವೆ ಇಳಿದು ಹೋಯಿತು.